ಕೆರೆ ಏರಿಯ ಮೇಲೆ 457 ಕೋಟಿ ವರ್ಷಗಳನ್ನು ಅಳೆಯುವ ಕ್ರಮ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂಬುದನ್ನು ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಹಲಗೆಯ ಮೇಲೆ ಉದ್ದನೆಯ ಗೆರೆಯೊಂದನ್ನು ಎಳೆದು, ಇದು ಭೂಮಿಯ ಒಟ್ಟು ಆಯುಷ್ಯ, ಇದರಲ್ಲಿ ಡೈನೋಸಾರುಗಳು ಎಲ್ಲಿದ್ದವು ತೋರಿಸಿ ಎಂದರೆ ಹೆಚ್ಚಿನವರು ಗೆರೆಯ ನಡುವೆ ಬೆರಳಿಡುತ್ತಾರೆ. ಕೋಲಾರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿದ ನನಗೆ ಈ ತೊಡಕಿಗೆ ಸಿಕ್ಕ ಒಳ್ಳೆಯ ಮದ್ದು ಊರ ಕೆರೆಯ ಏರಿ. ಒಂದು ಮೀಟರಿಗೆ ಒಂದು ಕೋಟಿ ವರ್ಷ ಎಂದು ಹಿಡಿದರೆ ಸೌರಮಂಡಲದ ಇಡೀ ಚರಿತ್ರೆ 457 ಮೀಟರಿನಲ್ಲಿ ಅಡಗುತ್ತದೆ, ಮತ್ತು ನಮ್ಮ ಕಡೆಯ ಮಧ್ಯಮ ಗಾತ್ರದ ಅನೇಕ ಕೆರೆಗಳ ಏರಿಗೆ ಅಷ್ಟು ಉದ್ದ ಇರುತ್ತದೆ. ಆಗ ಒಂದು ಸೆಂಟಿಮೀಟರಿಗೆ ಒಂದು ಲಕ್ಷ ವರ್ಷ, ಒಂದು ಮಿಲಿಮೀಟರಿಗೆ ಹತ್ತು ಸಾವಿರ ವರ್ಷ. ಲಕ್ಷ, ಕೋಟಿಗಳಲ್ಲಿ ಎಣಿಸುವ ನಮಗೆ ಈ ಅಳತೆ ಬಾಯಿಲೆಕ್ಕದಷ್ಟು ಸುಲಭ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. 30 ಅಥವಾ 50 ಮೀಟರಿನ ಟೇಪು, ಇಪ್ಪತ್ತೈದು ಗೂಟಗಳು, ಗೂಟಕ್ಕೆ ಕಟ್ಟಲು ರಟ್ಟಿನ ತುಂಡುಗಳು, ಒಂದು ಚೀಲ ಸುಣ್ಣದ ಪುಡಿ, ಒಂದು ಭೂತಗನ್ನಡಿ ಮತ್ತು ಒಂದು ಸೇರು ಹುಣಸೆಬೀಜ ಸಾಕು. ಟೇಪಿನ ಬದಲು ಹಗ್ಗಕ್ಕೆ ಗಂಟು ಹಾಕಿಕೊಂಡು ಅಳೆಯುವ ಆಸೆ ಬೇಡ. ಮೊದಲ ವರ್ಷ ನಾವು ಹಾಗೆಯೇ ಮಾಡಿದೆವು. ಎಳೆದಂತೆಲ್ಲ ಹಗ್ಗ ಹಿಗ್ಗಿ, ಕೊನೆಗೆ ಟೇಪು ಹಿಡಿದು ಪರೀಕ್ಷಿಸಿದಾಗ ಒಂಬತ್ತು ಮೀಟರ್ ವ್ಯತ್ಯಾಸ ಬಂದಿತ್ತು. ಈ ಅಳತೆಯಲ್ಲಿ ಒಂಬತ್ತು ಮೀಟರ್ ಎಂದರೆ ಒಂಬತ್ತು ಕೋಟಿ ವರ್ಷ, ಎಂದರೆ ಡೈನೋಸಾರುಗಳ ಅಳಿವು, ಹಿಮಾಲಯದ ಹುಟ್ಟು, ಮನುಷ್ಯನ ಬರವು ಎಲ್ಲವೂ ಹಿಡಿಸುವಷ್ಟು ಕಾಲ. ಏರಿ ಚಿಕ್ಕದಾಗಿದ್ದರೆ ಒಂದು ಮೀಟರಿಗೆ ಎರಡು ಕೋಟಿ ವರ್ಷ ಎಂದು ಹಿಡಿದು 228 ಮೀಟರಿಗೆ ಇಳಿಸಿಕೊಳ್ಳಬಹುದು, ಆದರೆ ಆಗ ಸೆಂಟಿಮೀಟರಿಗೆ ಲಕ್ಷ ಎನ್ನುವ ಸೊಗಸು ಹೋಗುತ್ತದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲೂ ಈಗ ನೀರು ನಿಂತಿರುವುದರಿಂದ, ಮಕ್ಕಳನ್ನು ಏರಿಯ ನಡುದಾರಿಯಲ್ಲೇ ನಡೆಸಬೇಕು ಮತ್ತು ನೀರಿನ ಮಗ್ಗುಲಿಗೆ ದೊಡ್ಡವರೊಬ್ಬರು ಇರಲೇಬೇಕು.

ಅಳತೆಯನ್ನು ಇಂದಿನ ತುದಿಯಿಂದ ಹಿಂದಕ್ಕೆ ಹಾಕಿಕೊಂಡು ಹೋಗಬೇಕು, ನಡೆಯುವುದನ್ನು ಆರಂಭದ ತುದಿಯಿಂದ ಮುಂದಕ್ಕೆ ನಡೆಯಬೇಕು. ಈ ಎರಡನ್ನು ಅದಲುಬದಲು ಮಾಡಬಾರದು. ಬಂಡೆಗಳ ವಯಸ್ಸೆಲ್ಲವೂ ಇಂದಿನಿಂದ ಇಷ್ಟು ವರ್ಷ ಹಿಂದೆ ಎಂದೇ ಗೊತ್ತಾಗುವುದರಿಂದ, ಇಂದಿನ ತುದಿಯನ್ನು ಸೊನ್ನೆ ಎಂದು ಇಟ್ಟುಕೊಂಡರೆ ಕಳೆಯುವ ಲೆಕ್ಕವೇ ಬೇಕಾಗುವುದಿಲ್ಲ. ಅಲ್ಲದೆ ಅಳೆಯುವಾಗ ಆಗುವ ಸಣ್ಣಪುಟ್ಟ ತಪ್ಪುಗಳು ದೂರ ಹೋದಂತೆ ಸೇರುತ್ತಾ ಹೋಗುತ್ತವೆ. ಅವು ಕಾಲ ಉದ್ದವಾಗಿ, ಘಟನೆಗಳು ವಿರಳವಾಗಿರುವ ಹಳೆಯ ತುದಿಗೆ ಸೇರಿದರೆ ಅಷ್ಟು ಹಾನಿಯಿಲ್ಲ, ಎಲ್ಲವೂ ಒತ್ತೊತ್ತಾಗಿ ಬರುವ ಇಂದಿನ ತುದಿಗೆ ಸೇರಿದರೆ ಇಡೀ ಕೆಲಸ ಕೆಡುತ್ತದೆ. ಆದ್ದರಿಂದ ಕೋಡಿಯ ಬಳಿ ಸೊನ್ನೆಯ ಗೂಟ ನೆಟ್ಟು, ಅಲ್ಲಿಂದ ಹತ್ತು ಮೀಟರಿಗೊಂದು ಸುಣ್ಣದ ಗೆರೆ ಎಳೆಯುತ್ತಾ ಹಿಂದೆ ಹೋಗಿ, 457ರಲ್ಲಿ ಕೊನೆಯ ಗೂಟ ನೆಡಿ.

ನಡೆಯುವ ಮೊದಲು, ಇಷ್ಟು ಹಿಂದಿನ ಕಾಲ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ, ಮತ್ತು ಅದಕ್ಕೆ ಉತ್ತರ ಕೊಡದೆ ಗೂಟದಿಂದ ಗೂಟಕ್ಕೆ ಕರೆದುಕೊಂಡು ಹೋದರೆ ಅದು ಕಥೆ ಹೇಳಿದಂತಾಗುತ್ತದೆ. ಚೌಕಾಬಾರ ಆಡಲು ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳುವುದು ನಮ್ಮ ಮಕ್ಕಳಿಗೆ ಗೊತ್ತು. ಹಾಗೆ ಉಜ್ಜಿದ 128 ಬೀಜಗಳನ್ನು ಮೊರದಲ್ಲಿ ಹಾಕಿ ಎಸೆಯಿರಿ. ಬಿಳಿ ಮೇಲಾಗಿ ಬಿದ್ದವನ್ನು ಆರಿಸಿ ಪಕ್ಕಕ್ಕಿಟ್ಟು, ಉಳಿದವನ್ನು ಮತ್ತೆ ಎಸೆಯಿರಿ. ಹೆಚ್ಚುಕಡಿಮೆ 64, ಬಳಿಕ 32, ಬಳಿಕ 16 ಹೀಗೆ ಬೀಜಗಳು ಕಡಿಮೆಯಾಗುತ್ತವೆ. ಯಾವ ಬೀಜ ಯಾವಾಗ ಬೆಳ್ಳಗೆ ಬೀಳುತ್ತದೆ ಎಂದು ಯಾರೂ ಹೇಳಲಾರರು, ಆದರೆ ಉಳಿದ ಬೀಜಗಳನ್ನು ಎಣಿಸಿ ಎಷ್ಟು ಬಾರಿ ಎಸೆದಿರಬಹುದು ಎಂದು ಹೊರಗಿನಿಂದ ಬಂದವನೂ ಹೇಳಬಲ್ಲ. ಯುರೇನಿಯಂ ಪರಮಾಣುಗಳು ಒಡೆದು ಕೊನೆಗೆ ಸೀಸವಾಗುವುದೂ ಇದೇ ರೀತಿಯಲ್ಲಿ. ಯುರೇನಿಯಂ-238ಕ್ಕೆ ಒಂದು ಎಸೆತ ಎಂದರೆ 447 ಕೋಟಿ ವರ್ಷ, ಅಂದರೆ ಈ ಏರಿಯ ಹೆಚ್ಚುಕಡಿಮೆ ಪೂರ್ತಿ ಉದ್ದ. ಯುರೇನಿಯಂ-235 ಎಂಬ ಇನ್ನೊಂದು ಬಗೆಗೆ ಒಂದು ಎಸೆತ ಸುಮಾರು 70 ಕೋಟಿ ವರ್ಷ, ಅಂದರೆ 70 ಮೀಟರ್. ಜಿರ್ಕಾನ್ ಎಂಬ ಹರಳು ಬೆಳೆಯುವಾಗ ಯುರೇನಿಯಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಅದರಲ್ಲಿ ಇಂದು ಸಿಗುವ ಸೀಸವೆಲ್ಲ ಯುರೇನಿಯಂ ಒಡೆದು ಆದದ್ದೇ ಎಂದು ಹಿಡಿದು, ಎರಡು ಯುರೇನಿಯಂಗಳ ಲೆಕ್ಕವನ್ನೂ ತಾಳೆ ನೋಡಿ, ಹರಳಿನ ವಯಸ್ಸನ್ನು ನಿರ್ಧರಿಸುತ್ತಾರೆ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಆ ಸಂಖ್ಯೆ ಬಹಳವೇನೂ ಬದಲಾಗಿಲ್ಲ.

ಈಗ 457ರ ಗೂಟದ ಬಳಿ ಎಲ್ಲರನ್ನೂ ನಿಲ್ಲಿಸಿ. ಇಲ್ಲಿ ಸೂರ್ಯನೂ ಇಲ್ಲ, ಭೂಮಿಯೂ ಇಲ್ಲ. ಬಹುಪಾಲು ಹೈಡ್ರೋಜನ್, ಹೀಲಿಯಂ ಮತ್ತು ಅಷ್ಟಿಷ್ಟು ಧೂಳು ಸೇರಿದ ತಣ್ಣನೆಯ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಸಿಯುತ್ತಿದೆ. ತಿರುಗುವ ಕುರ್ಚಿಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಎರಡು ಕೈಗಳಲ್ಲಿ ಎರಡು ಕಲ್ಲು ಕೊಟ್ಟು, ಕೈ ಚಾಚಿಸಿ ತಿರುಗಿಸಿದ ಮೇಲೆ ಕೈಗಳನ್ನು ಎದೆಗೆ ಎಳೆದುಕೊಳ್ಳಲು ಹೇಳಿದರೆ, ಕುಸಿಯುವ ಮೋಡ ಏಕೆ ಹೆಚ್ಚು ಹೆಚ್ಚು ವೇಗವಾಗಿ ತಿರುಗಿತು ಎಂಬುದು ಕಣ್ಣಿಗೇ ಕಾಣುತ್ತದೆ. ತಿರುಗುವ ಮೋಡ ತಟ್ಟೆಯಂತೆ ಚಪ್ಪಟೆಯಾಯಿತು. ನಡುವೆ ಸೂರ್ಯ ಸೇರಿಕೊಂಡ, ಸುತ್ತಲಿನ ತಟ್ಟೆಯಲ್ಲಿ ಗ್ರಹಗಳಾದವು. ಎಲ್ಲ ಗ್ರಹಗಳೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸೂರ್ಯನನ್ನು ಸುತ್ತುವುದು ಆ ತಟ್ಟೆಯ ಗುರುತು. ತಟ್ಟೆಯಲ್ಲಿ ಮೊದಲು ಗಟ್ಟಿಯಾದ ಕಣಗಳು ಇಂದಿಗೂ ಸಿಗುತ್ತವೆ: 1969ರಲ್ಲಿ ಮೆಕ್ಸಿಕೋದ ಅಯೆಂಡೆ ಬಳಿ ಬಿದ್ದ ಉಲ್ಕಾಶಿಲೆಯೊಳಗಿನ ಬಿಳಿ ಚುಕ್ಕೆಗಳು ಅಂಥವು. ಆ ಜಾತಿಯ ಕಣಗಳ ವಯಸ್ಸು 456.7 ಕೋಟಿ ವರ್ಷ ಎಂದು ತಿಳಿದಿರುವುದರಿಂದಲೇ ನಮ್ಮ ಮೊದಲ ಗೂಟ ಇಲ್ಲಿದೆ.

ಒಳಗಿನ ನಾಲ್ಕು ಗ್ರಹಗಳು ಏಕೆ ಕಲ್ಲಿನವು, ಹೊರಗಿನವು ಏಕೆ ಅನಿಲ ಮತ್ತು ಮಂಜುಗಡ್ಡೆಯವು ಎಂಬುದನ್ನು ವಿವರಿಸಲು ಚಳಿಗಾಲದ ಬೆಳಗ್ಗೆಯೇ ಒಳ್ಳೆಯದು. ಡಿಸೆಂಬರಿನಲ್ಲಿ ನಮ್ಮ ಮನೆಗಳ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ. ಅದೇ ಎಣ್ಣೆಯ ಬಟ್ಟಲನ್ನು ಒಲೆಯ ಹತ್ತಿರ ಇಟ್ಟರೆ ಕರಗುತ್ತದೆ, ದೂರ ಇಟ್ಟರೆ ಕರಗುವುದಿಲ್ಲ. ಎಳೆಯ ಸೂರ್ಯನ ಸುತ್ತ ಇಂಥದೊಂದು ಗಡಿ ಇತ್ತು. ಅದರೊಳಗೆ ನೀರು ಆವಿಯಾಗಿಯೇ ಉಳಿಯಿತು, ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾದವು. ಅದರಾಚೆ ಮಂಜುಗಡ್ಡೆಯೂ ಸೇರಿಕೊಂಡು ಗ್ರಹದ ತಿರುಳು ಬೇಗ ದೊಡ್ಡದಾಗಿ, ಸುತ್ತಲಿನ ಅನಿಲವನ್ನು ಎಳೆದುಕೊಳ್ಳುವ ಶಕ್ತಿ ಪಡೆಯಿತು. ಆ ಅನಿಲ ಕೆಲವು ದಶಲಕ್ಷ ವರ್ಷಗಳಲ್ಲಿ ಚದುರಿಹೋದದ್ದರಿಂದ ಗುರು ಮತ್ತು ಶನಿ ಅಷ್ಟರೊಳಗೇ ಬೆಳೆದಿರಬೇಕು. ಏರಿಯ ಮೇಲೆ ಅದು ಅರ್ಧ ಮೀಟರ್, ಒಂದು ಹೆಜ್ಜೆಗಿಂತ ಕಡಿಮೆ. ಭೂಮಿ ಅಷ್ಟು ಅವಸರಪಡಲಿಲ್ಲ. ಕಲ್ಲಿಗೆ ಕಲ್ಲು ಬಡಿದು, ಅಂಟಿ, ಮತ್ತೆ ಬಡಿದು ಈಗಿನ ಗಾತ್ರಕ್ಕೆ ಬರಲು ಕೆಲವು ಕೋಟಿ ವರ್ಷ ಹಿಡಿಯಿತು.

ಈ ಕೆಲವು ಮೀಟರುಗಳಲ್ಲಿ ನಿಧಾನವಾಗಿ ನಡೆಯಿರಿ. ಬಡಿತದ ಕಾವಿಗೆ ಭೂಮಿ ಕರಗಿದಾಗ, ಅದಿರು ಕರಗಿಸುವ ಕುಲುಮೆಯಲ್ಲಿ ಲೋಹ ಕೆಳಗಿಳಿದು ಕಿಟ್ಟ ಮೇಲೆ ತೇಲುವಂತೆ, ಕಬ್ಬಿಣ ನಡುವಿಗಿಳಿದು ಹಗುರ ಶಿಲಾಪಾಕ ಮೇಲುಳಿಯಿತು. ಸುಮಾರು 450ರಲ್ಲಿ ಮಂಗಳನಷ್ಟು ದೊಡ್ಡ ಕಾಯವೊಂದು ಭೂಮಿಗೆ ಬಡಿದು, ಸಿಡಿದ ಚೂರುಗಳು ಒಗ್ಗೂಡಿ ಚಂದ್ರನಾದ ಎಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆ ಮತ್ತು ಭೂಮಿಯ ಶಿಲೆಗಳಲ್ಲಿ ಆಮ್ಲಜನಕದ ಐಸೊಟೋಪುಗಳು, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಬಹುತೇಕ ಒಂದೇ ಪ್ರಮಾಣದಲ್ಲಿರುವುದು ಇದಕ್ಕೆ ಒಂದು ಆಧಾರ. ಈ ಗೂಟವನ್ನು ಮಾತ್ರ ಗಟ್ಟಿಯಾಗಿ ಹೂಳಬೇಡಿ, ಏಕೆಂದರೆ ಬೇರೆ ಬೇರೆ ಅಧ್ಯಯನಗಳು ಅದನ್ನು ಕೆಲವು ಮೀಟರ್ ಅತ್ತ ಇತ್ತ ಸರಿಸುತ್ತವೆ. ಅಂದು ಚಂದ್ರ ಬಹಳ ಹತ್ತಿರವಿದ್ದ, ಭೂಮಿಯ ದಿನ ಬಹಳ ಚಿಕ್ಕದಿತ್ತು. ಇಂದಿಗೂ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿದ್ದಾನೆ. 440ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಪ್ರದೇಶದ ಜಿರ್ಕಾನ್ ಹರಳಿಗೆ ಒಂದು ಗೂಟ: ಉಲ್ಕೆಗಳನ್ನು ಬಿಟ್ಟರೆ, ಭೂಮಿಯದೇ ಆದ, ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಚೂರು ಅದು, ಮತ್ತು ಅಲ್ಲಿನ ಹಳೆಯ ಹರಳುಗಳ ಆಮ್ಲಜನಕವನ್ನು ನೋಡಿದರೆ ಆಗಲೇ ದ್ರವರೂಪದ ನೀರು ಇದ್ದಂತೆ ತೋರುತ್ತದೆ. 403ರಲ್ಲಿ ಕೆನಡಾದ ಅಕಾಸ್ಟಾ ನೈಸ್ (ಕಾವು, ಒತ್ತಡಗಳಿಗೆ ಪಟ್ಟೆಪಟ್ಟೆಯಾದ ಕಲ್ಲು) ಶಿಲೆಗೊಂದು, 348ರಲ್ಲಿ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸೂಕ್ಷ್ಮಜೀವಿಗಳ ಪದರಗಳು ಕಲ್ಲಾದ ಸ್ಟ್ರೊಮ್ಯಾಟೊಲೈಟುಗಳಿಗೊಂದು. 330ರಲ್ಲಿ ಮೊದಲ ಬಾರಿಗೆ ಕರ್ನಾಟಕ ಬರುತ್ತದೆ: ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆ.

ಇನ್ನು ನಮ್ಮ ಊರಿನ ಕಲ್ಲುಗಳ ಜಾಗ. ಅಳೆದ ದಾರಿಯಲ್ಲಿ ಸುಮಾರು 187 ಮೀಟರ್ ನಡೆದ ಮೇಲೆ, 270ರಿಂದ 250ರವರೆಗಿನ ಇಪ್ಪತ್ತು ಮೀಟರಿನಲ್ಲಿ ಕೋಲಾರದ ನೆಲ ಸಿದ್ಧವಾಗುತ್ತದೆ. ಇಲ್ಲಿ ಅರ್ಧ ದಿನ ಕಳೆದರೂ ತಪ್ಪಿಲ್ಲ. 270ರ ಸುಮಾರಿಗೆ ಸಾಗರದ ತಳದಲ್ಲಿ ಉಕ್ಕಿದ ಲಾವಾ ಇಂದು ಚಿನ್ನದ ಗಣಿ ಪ್ರದೇಶದ ಕಪ್ಪು ಶಿಲೆಯ ಪಟ್ಟಿಯಾಗಿದೆ, ದಕ್ಷಿಣೋತ್ತರವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಗಣಿ ಪ್ರದೇಶದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ; ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಆ ಪಟ್ಟಿಯ ಎರಡೂ ಮಗ್ಗುಲಲ್ಲಿ ಹರಡಿರುವ ಬಿಳಿ-ಕಪ್ಪು ಪಟ್ಟೆಗಳ ನೈಸ್ ಮತ್ತು ಗ್ರಾನೈಟ್ ಶಿಲೆಗಳ ಬಹುಭಾಗ 265ರಿಂದ 250ರ ನಡುವಿನದು. ತುಮಕೂರು ಜಿಲ್ಲೆಯವರು ಚಿಕ್ಕನಾಯಕನಹಳ್ಳಿಯ ಕಬ್ಬಿಣದ ಪಟ್ಟೆಶಿಲೆಗಳನ್ನೂ, ರಾಮನಗರದಿಂದ ಪಾವಗಡದತ್ತ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟನ್ನೂ ಇಲ್ಲಿಯೇ ಸೇರಿಸಿಕೊಳ್ಳಬೇಕು. ಆ ಗ್ರಾನೈಟಿನ ಗೂಟ 252ರಲ್ಲಿ.

ಕಲ್ಲನ್ನು ನೋಡಲು ದೂರ ಹೋಗುವ ಅಗತ್ಯವಿಲ್ಲ. ಏರಿಯ ಒಳಮೈಗೆ ಜೋಡಿಸಿರುವ ಕಲ್ಲುಗಳೇ ಈ ಇಪ್ಪತ್ತು ಮೀಟರಿಗೆ ಸೇರಿದವು. ಒಂದು ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ ಗಾಜಿನಂಥ ಬೆಣಚು, ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಮಿನುಗುವ ಕಾಗೆಬಂಗಾರ ಬೇರೆ ಬೇರೆಯಾಗಿ ಕಾಣುತ್ತವೆ. ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರುವುದಕ್ಕೆ ಕಾರಣವೆಂದರೆ, ಶಿಲಾಪಾಕವು ಹಲವು ಕಿಲೋಮೀಟರ್ ಆಳದಲ್ಲಿ, ಮೇಲೆ ಕಲ್ಲಿನ ಹೊದಿಕೆ ಇದ್ದುದರಿಂದ, ಬಹಳ ನಿಧಾನವಾಗಿ ಆರಿತು. ಹಾಗಾದರೆ ಅಷ್ಟು ಆಳದ ಕಲ್ಲು ನಮ್ಮ ಕಾಲಿನಡಿಗೆ ಹೇಗೆ ಬಂತು? ಮೇಲಿದ್ದ ಹಲವು ಕಿಲೋಮೀಟರ್ ದಪ್ಪದ ಶಿಲೆಯನ್ನೆಲ್ಲ ಬಿಸಿಲು, ಮಳೆ ಮತ್ತು ಹೊಳೆಗಳು ಸವೆಸಿ ಸಮುದ್ರಕ್ಕೆ ಸಾಗಿಸಿವೆ. ಅಂತರಗಂಗೆಯ ಬೆಟ್ಟದಲ್ಲಿ ಒಂದರ ಮೇಲೊಂದು ನಿಂತಿರುವ ಗುಂಡುಬಂಡೆಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಬಿರುಕುಗಳಲ್ಲಿ ನೀರಿಳಿದು ಮೂಲೆಗಳನ್ನು ಕೊಳೆಸಿದ ಮೇಲೆ ಉಳಿದ ತಿರುಳುಗಳು ಅವು. ಇದೇ ಕಾರಣಕ್ಕೆ ನಮ್ಮ ಜಿಲ್ಲೆಯಲ್ಲಿ ಡೈನೋಸಾರಿನ ಎಲುಬು ಹುಡುಕುವುದು ವ್ಯರ್ಥ. ಅವುಗಳ ಕಾಲದಲ್ಲಿ ಈ ನೆಲ ಸವೆಯುತ್ತಿತ್ತು, ಎಲುಬನ್ನು ಮುಚ್ಚಿ ಉಳಿಸುವ ಮಣ್ಣು ಇಲ್ಲಿ ಸಂಗ್ರಹವಾಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವನ್ನು ಕ್ವಾರಿಯ ಅಂಚಿನಲ್ಲಿ ಅಥವಾ ಬಾವಿಯ ಗೋಡೆಯಲ್ಲಿ ಮಾಡಿಸಬಹುದು. ಪಟ್ಟೆ ಪಟ್ಟೆಯ ನೈಸನ್ನು ಸೀಳಿಕೊಂಡು ನೇರವಾಗಿ ಹಾಯುವ ಕರಿಕಲ್ಲಿನ ಗೋಡೆಗಳು ನಮ್ಮ ಕಡೆ ಅಲ್ಲಲ್ಲಿ ಸಿಗುತ್ತವೆ. ಸೀಳಿದ್ದು ಹೊಸದು, ಸೀಳಿಸಿಕೊಂಡದ್ದು ಹಳೆಯದು ಎಂಬ ಒಂದೇ ನಿಯಮದಿಂದ, ಯಾವ ಪ್ರಯೋಗಾಲಯವೂ ಇಲ್ಲದೆ, ಏಳನೆಯ ತರಗತಿಯ ಮಗುವೂ ಎರಡು ಶಿಲೆಗಳ ಅನುಕ್ರಮವನ್ನು ಹೇಳಬಲ್ಲದು. ಬೆಂಗಳೂರಿನ ಸುತ್ತಲಿನ ಇಂಥ ಅನೇಕ ಕರಿಕಲ್ಲಿನ ಗೋಡೆಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಮಕ್ಕಳ ಉತ್ತರವನ್ನು ಪ್ರಯೋಗಾಲಯವೂ ಒಪ್ಪುತ್ತದೆ.

ಚಿನ್ನಕ್ಕೆ ಒಂದೇ ಗೂಟ ಸಾಲದು. ನಮ್ಮಲ್ಲಿ ಒಬ್ಬ ಹುಡುಗಿ ತನ್ನ ಓಲೆಯನ್ನು ಮುಟ್ಟಿಕೊಂಡು, "ಸಾರ್, ಇದು ಎಷ್ಟನೇ ಮೀಟರಿನದು?" ಎಂದು ಕೇಳಿದ ದಿನದಿಂದ ನಾನು ಚಿನ್ನಕ್ಕೆ ಮೂರು ಗೂಟ ಇಡುತ್ತೇನೆ. ಮೊದಲನೆಯದು ಏರಿಯ ಹೊರಗೆ, 457ಕ್ಕಿಂತ ಹಿಂದೆ. ಚಿನ್ನದ ಪರಮಾಣು ಭೂಮಿಯಲ್ಲಿ ಹುಟ್ಟಿದ್ದಲ್ಲ, ಸೂರ್ಯನಲ್ಲೂ ಅಲ್ಲ. ಸೂರ್ಯನಿಗಿಂತ ಮುಂಚಿನ ನಕ್ಷತ್ರಗಳ ಮಹಾಸ್ಫೋಟ ಮತ್ತು ಡಿಕ್ಕಿಗಳಲ್ಲಿ ಹುಟ್ಟಿ ಧೂಳಿನೊಂದಿಗೆ ನಮ್ಮ ಮೋಡಕ್ಕೆ ಸೇರಿದ್ದು. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯನ್ನು ಗುರುತ್ವದ ಅಲೆಗಳಿಂದಲೂ ಬೆಳಕಿನಿಂದಲೂ ಗಮನಿಸಿದಾಗ, ಇಂಥ ಭಾರದ ಧಾತುಗಳು ಹಾಗೆ ಹುಟ್ಟುತ್ತವೆ ಎಂಬುದಕ್ಕೆ ಬಲವಾದ ಸಾಕ್ಷ್ಯ ದೊರೆಯಿತು. ಎರಡನೆಯ ಗೂಟ ಏರಿಯ ಮೊದಲ ಕೆಲವು ಹತ್ತು ಮೀಟರುಗಳಲ್ಲಿ: ಆರಂಭದ ಚಿನ್ನದ ಬಹುಪಾಲು ಕಬ್ಬಿಣದೊಂದಿಗೆ ಭೂಮಿಯ ನಡುವಿಗೆ ಇಳಿದುಹೋಯಿತು, ನಂತರ ಬಿದ್ದ ಉಲ್ಕೆಗಳು ತಂದದ್ದೇ ಮೇಲ್ಭಾಗದಲ್ಲಿ ಉಳಿಯಿತು ಎಂದು ಹೆಚ್ಚಿನ ವಿಜ್ಞಾನಿಗಳು ಭಾವಿಸುತ್ತಾರೆ. ಮೂರನೆಯದು 250ರ ಬಳಿ, ಬಿಸಿನೀರು ಕಪ್ಪು ಶಿಲೆಯ ಬಿರುಕುಗಳಲ್ಲಿ ಬೆಣಚಿನೊಂದಿಗೆ ಚಿನ್ನವನ್ನು ಇಳಿಸಿದ ಜಾಗ. ಅದನ್ನು ಅರಸಿಕೊಂಡೇ ಗಣಿಗಳು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ತೆಗೆದವು. ಅಷ್ಟು ಆಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಭೂಮಿ ಹುಟ್ಟಿದಾಗಿನ ಕಾವು ಇನ್ನೂ ಪೂರ್ತಿ ಆರಿಲ್ಲ, ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ ಪರಮಾಣುಗಳು ಒಡೆಯುತ್ತಾ ಅದಕ್ಕೆ ಇನ್ನಷ್ಟು ಕಾವು ಸೇರಿಸುತ್ತಲೇ ಇವೆ ಎಂಬುದನ್ನು ಗಣಿಯಲ್ಲಿ ದುಡಿದ ನಮ್ಮ ಹಿರಿಯರು ಮೈಯಲ್ಲೇ ಅನುಭವಿಸಿದ್ದರು.

250ರ ಆಚೆಗಿನ ದಾರಿಯನ್ನು ಬೇಗ ದಾಟಬಹುದು. 240ರಿಂದ ಮುಂದೆ ಗಾಳಿಯಲ್ಲಿ ಆಮ್ಲಜನಕ ನೆಲೆಯೂರುತ್ತದೆ. ಅದನ್ನು ಉಸಿರಾಗಿ ಬಿಟ್ಟವು ಸಾಗರದ ಸೂಕ್ಷ್ಮಜೀವಿಗಳು. ಅಲ್ಲಿಂದ ನೂರೈವತ್ತು ಮೀಟರಿಗೂ ಹೆಚ್ಚು ನಡೆದರೂ ಕಣ್ಣಿಗೆ ಕಾಣುವ ಪ್ರಾಣಿ ಒಂದೂ ಸಿಗುವುದಿಲ್ಲ, ಮತ್ತು ಆ ಖಾಲಿ ದಾರಿಯನ್ನು ಮಾತಿಲ್ಲದೆ ನಡೆಸುವುದೇ ಅತ್ಯುತ್ತಮ ಪಾಠ ಎಂಬುದು ನನ್ನ ಅನುಭವ. 72ರಿಂದ 63.5ರ ನಡುವೆ ಭೂಮಿ ಎರಡು ಬಾರಿ ಹೆಚ್ಚುಕಡಿಮೆ ಪೂರ್ತಿ ಹಿಮದಿಂದ ಮುಚ್ಚಿತು. 54ರಲ್ಲಿ ಚಿಪ್ಪು, ಕಾಲು, ಕಣ್ಣುಗಳುಳ್ಳ ಪ್ರಾಣಿಗಳು ಸಾಗರದಲ್ಲಿ ಒಮ್ಮೆಲೇ ಹೆಚ್ಚುತ್ತವೆ, 47ರಲ್ಲಿ ಗಿಡಗಳು ನೆಲಕ್ಕೆ ಬರುತ್ತವೆ, 25ರಲ್ಲಿ ಜೀವಿಗಳ ಅತಿ ದೊಡ್ಡ ಅಳಿವು, 23ರಲ್ಲಿ ಮೊದಲ ಡೈನೋಸಾರುಗಳು. 8.8ರಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಭಾರತ ಮಡಗಾಸ್ಕರಿನಿಂದ ಬೇರೆಯಾದ ಕಾಲದವು. 6.6ರಲ್ಲಿ ಮೆಕ್ಸಿಕೋದ ಚಿಕ್ಸುಲೂಬ್ ಬಳಿ ಕ್ಷುದ್ರಗ್ರಹ ಬಡಿಯಿತು, ಅದೇ ಸುಮಾರಿಗೆ ಉತ್ತರ ಕರ್ನಾಟಕದವರೆಗೂ ದಖ್ಖನ್ನಿನ ಲಾವಾ ಹರಡಿತು. 5ರ ಹೊತ್ತಿಗೆ ಭಾರತ ಏಷ್ಯಾಕ್ಕೆ ತಾಗಿ ಹಿಮಾಲಯ ಏಳತೊಡಗಿತು.

ಕೊನೆಯ ಮೀಟರಿನಲ್ಲಿ ಎಲ್ಲರೂ ಕೂರಬೇಕು, ನಿಂತರೆ ಕಾಣುವುದಿಲ್ಲ. ನಮ್ಮ ಪ್ರಭೇದದ ಮನುಷ್ಯನಿಗೆ ಮೂರು ಲಕ್ಷ ವರ್ಷ, ಅಂದರೆ ಮೂರು ಸೆಂಟಿಮೀಟರ್. ಎರಡು ಬೆರಳಿಟ್ಟರೆ ಮುಚ್ಚಿಹೋಗುತ್ತದೆ. ಬೇಸಾಯಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಕೋಲಾರವು ಗಂಗರ ರಾಜಧಾನಿಯಾದ ನಾಲ್ಕನೆಯ ಶತಮಾನದಿಂದ ಇಂದಿನವರೆಗಿನ ಕಾಲ ನೋಟ್‌ಬುಕ್ಕಿನ ಎರಡು ಹಾಳೆಗಳ ದಪ್ಪ; ಅದನ್ನು ಹಾಳೆ ಇಟ್ಟೇ ತೋರಿಸಿ.

ಸೊನ್ನೆಯ ಗೂಟದ ಆಚೆಗೂ ಅಳತೆ ಮುಂದುವರಿಯುತ್ತದೆ. ಸೂರ್ಯನ ಬೆಳಕು ನೂರು ಕೋಟಿ ವರ್ಷಕ್ಕೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತಿರುವುದರಿಂದ, ಕೋಡಿಯಿಂದ ನೂರು ಮೀಟರ್ ಮುಂದೆ, ನಮ್ಮ ಊರಿನಲ್ಲಾದರೆ ಬಸ್ ನಿಲ್ದಾಣದ ಹತ್ತಿರ, ಸಾಗರಗಳು ಆರತೊಡಗುವ ಕಾಲಕ್ಕೆ ಒಂದು ಗೂಟ. ಐನೂರು ಮೀಟರಿನಲ್ಲಿ ಸೂರ್ಯನ ಒಡಲಿನ ಹೈಡ್ರೋಜನ್ ತೀರಿ ಅವನು ಉಬ್ಬಿ ಕೆಂಪಗಾಗುವ ಕಾಲಕ್ಕೆ ಇನ್ನೊಂದು. ಅಂದಿನ ಸೂರ್ಯನನ್ನು ಯಾರೂ ನೋಡಿಲ್ಲ. ಇಂದಿನ ಸೂರ್ಯನನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯದ ಆಂಟೆನಾಗಳು ದಿನವೂ ಆಲಿಸುತ್ತಿವೆ. ರಟ್ಟಿನ ಮೇಲಿನ ಸಂಖ್ಯೆಗಳನ್ನೆಲ್ಲ ಪೆನ್ಸಿಲಿನಲ್ಲಿ ಬರೆಯಿರಿ, ಹೊಸ ಅಳತೆ ಬಂದಾಗ ಗೂಟ ಸರಿಸಬೇಕಾಗುತ್ತದೆ. ಮುಗಿದ ಮೇಲೆ ಗೂಟಗಳನ್ನು ಕಿತ್ತು, ಕುಳಿಗಳಿಗೆ ಮಣ್ಣು ತುಂಬಿ ಗಟ್ಟಿಯಾಗಿ ತುಳಿಯಿರಿ. ಮಳೆಗಾಲದಲ್ಲಿ ಏರಿಯ ಸಣ್ಣ ತೂತಿನಲ್ಲೂ ನೀರು ದಾರಿ ಹುಡುಕುತ್ತದೆ.